ಕೂತುಕೊಳ್ಳುವಷ್ಟು ಎತ್ತರ

ಆಂಟಾಪ್ ಹಿಲ್ಲಿನ ಸರ್ಕಾರಿ ಕ್ವಾರ್ಟರ್ಸಿನ ಮೂರನೇ ಮಹಡಿಯಲ್ಲಿ ಕೌಸಲ್ಯಾ ಅಂತ ಒಬ್ಬ ಟೀಚರಮ್ಮ ಇದ್ದಳು. ವಡಾಲದ ಕನ್ನಡ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಪಾಠ. ಗಂಡ ಸತ್ಯಮೂರ್ತಿ ಸರ್ಕಾರಿ ಕಚೇರಿಯೊಂದರಲ್ಲಿ ನಕ್ಷೆ ಬರೆಯುವವ. ಇಬ್ಬರೂ ಮೈಸೂರಿನ ಕಡೆಯವರು. ಮಕ್ಕಳಾಗಲಿಲ್ಲ. ಭಾನುವಾರ ಮನೆಯಲ್ಲಿ ಕೂತರೆ ಗಡಿಯಾರದ ಮುಳ್ಳು ಮುಂದಕ್ಕೇ ಹೋಗುತ್ತಿರಲಿಲ್ಲವಲ್ಲ, ಹಾಗಾಗಿ ಮದುವೆಯಾದ ಐದನೇ ವರ್ಷ ಚಾರಣದ ಕ್ಲಬ್ಬಿನವರು ಯಾರೋ ಕರೆದರು ಅಂತ ಕರ್ಜತ್ ಕಡೆ ಒಂದು ಕೋಟೆ ಹತ್ತಿ ಬಂದರು. ಹತ್ತಿದವರು ಮತ್ತೆ ನಿಲ್ಲಿಸಲೇ ಇಲ್ಲ. ಹದಿನೈದು ವರ್ಷ! ಸೀರೆಯ ಮೇಲೆ ಗಂಡಸರ ಬೂಟು ಹಾಕಿಕೊಂಡು ಲೋಕಲ್ ರೈಲು ಹತ್ತುವ ಟೀಚರಮ್ಮನನ್ನು ನೋಡಿ ಬಿಲ್ಡಿಂಗಿನವರು ಮೊದಮೊದಲು ನಕ್ಕರು, ಆಮೇಲೆ ಅದಕ್ಕೂ ಬೇಜಾರಾಗಿ ಸುಮ್ಮನಾದರು.

ಈಗ ಎರಡು ವರ್ಷದಿಂದ ಸತ್ಯಮೂರ್ತಿಗೆ ಉಬ್ಬಸ. ಹಗಲು ಹೇಗೋ ನಡೆಯುತ್ತಿತ್ತು. ಮಲಗಿದರೆ ಎದೆಯ ಮೇಲೆ ಯಾರೋ ಬೀಸುವ ಕಲ್ಲು ಇಟ್ಟಂತೆ. ಎದ್ದು ಕೂತರೆ ಮಾತ್ರ ಒಂದಿಷ್ಟು ಗಾಳಿ ಒಳಗೆ ಹೋಗುತ್ತಿತ್ತು. ಈ ವಿಷಯ ಮನೆಯ ಹೊಸಿಲು ದಾಟಿರಲಿಲ್ಲ. ಬೆಟ್ಟದ ದಾರಿಯಲ್ಲಿ ಉಸಿರು ಕಟ್ಟಿದರೆ ಅವನು ಬಗ್ಗಿ ಬೂಟಿನ ಲೇಸು ಬಿಚ್ಚಿ ಕಟ್ಟುವನು. ಒಬ್ಬನೇ ನಿಂತರೆ ಅನುಮಾನ ಬರುತ್ತದೆಂದು ಕೌಸಲ್ಯಾಳೂ ಪಕ್ಕದಲ್ಲಿ ಬಗ್ಗಿ ತನ್ನ ಲೇಸು ಬಿಚ್ಚುವಳು. ಗಂಡನ ಕಾಯಿಲೆಯನ್ನು ಹತ್ತು ಜನರ ಎದುರು ಹೆಂಡತಿ ಆಡಬಾರದು ಎನ್ನುವುದು ಅವಳಿಗೆ ಯಾರೂ ಕಲಿಸಿದ್ದಲ್ಲ. ಅಮ್ಮ, ಅಜ್ಜಿ ಆಡಿರಲಿಲ್ಲ, ಇವಳೂ ಆಡಲಿಲ್ಲ.

ಹೋದ ಚಳಿಗಾಲದಲ್ಲಿ ನಾಣೇಘಾಟಿನ ಮೇಲೆ ಕ್ಲಬ್ಬಿನ ಟೆಂಟಿನಲ್ಲಿ ಮಲಗಿದ್ದಾಗ ಉಬ್ಬಸ ಜೋರಾಗಿ ಬಂತು. ಆ ಟೆಂಟೋ, ಮಂಡಿಗಿಂತ ಸ್ವಲ್ಪವೇ ಎತ್ತರದ್ದು. ಹಾವಿನ ಹಾಗೆ ತೆವಳಿಕೊಂಡು ಒಳಗೆ ಹೋಗಿ ಮಲಗಬೇಕು, ಅಷ್ಟೇ. ಸತ್ಯಮೂರ್ತಿ ಹೊರಗೆ ಬಂದು, ಇಬ್ಬನಿಯಲ್ಲಿ ಬಂಡೆಗೊರಗಿ ಬೆಳಗಿನ ತನಕ ಕೂತ. ಅವಳು ಎರಡು ಕಂಬಳಿ ಹೊದಿಸಿ ಪಕ್ಕದಲ್ಲೇ ಇದ್ದಳು. ಬೆಳಗ್ಗೆ ಕ್ಲಬ್ಬಿನವರಿಗೆ ಅವನು ಹೇಳಿದ್ದು: "ನಕ್ಷತ್ರ ಚೆನ್ನಾಗಿ ಕಾಣ್ತಿತ್ತು ಕಣ್ರೀ, ಒಳಗೆ ಮಲಗೋಕೆ ಮನಸ್ಸಾಗಲಿಲ್ಲ."

ಹಾಗಿರುವಾಗ, ಎಂಬತ್ತೇಳರ ದೀಪಾವಳಿ ಕಳೆದ ಮೇಲೆ, ಕ್ಲಬ್ಬಿನ ಮುಂದಾಳು ಹಿರಿಯಣ್ಣ ಒಂದು ದೊಡ್ಡ ನಡಿಗೆ ಹೊರಡಿಸಿದ. ಭೀಮಾಶಂಕರದಿಂದ ಹೊರಟು ಸಹ್ಯಾದ್ರಿಯ ನೆತ್ತಿ ಹಿಡಿದು ಹರಿಶ್ಚಂದ್ರಗಡ ದಾಟುವ ತನಕ, ಎಂಟು ದಿನ. ಅವರವರ ಟೆಂಟು ಅವರವರ ಬೆನ್ನ ಮೇಲೆ.

"ಹೋಗೋಣ ಕಣೇ," ಅಂದ ಸತ್ಯಮೂರ್ತಿ. "ಕೂತ್ಕೊಳೋಷ್ಟು ಎತ್ತರದ ಟೆಂಟ್ ಒಂದಿದ್ರೆ ಸಾಕು. ರಾತ್ರಿ ಕೂತು ಕಳೀತೀನಿ, ಹಗಲು ನಡೀತೀನಿ. ಯಾರಿಗೇನು ಗೊತ್ತಾಗತ್ತೆ?"

ಕೌಸಲ್ಯಾ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಅಂಥ ಟೆಂಟು ಸಿಗದೇ ಹೋದರೆ ಇವರು ತಾವಾಗಿಯೇ ಬಿಟ್ಟುಬಿಡುತ್ತಾರೆ, ಬೇಡ ಅಂದ ಪಾಪ ನನಗೆ ಬೇಡ ಅಂತ ಒಳಗೊಳಗೇ ಲೆಕ್ಕ ಹಾಕಿದಳು. ಸರಿ, ಹುಡುಕಾಟ ಶುರುವಾಯಿತು.

ಚೋರ್ ಬಜಾರಿನಲ್ಲಿ ಮಿಲಿಟರಿಯ ಹಳೆ ಟೆಂಟೊಂದು ಸಿಕ್ಕಿತು. ಒಳಗೆ ನಿಂತು ಪಂಚೆ ಉಡಬಹುದು, ಅಷ್ಟು ಎತ್ತರ. ಎತ್ತಿ ನೋಡಿದರೆ ಒಂಬತ್ತು ಕಿಲೋ, ನೆನೆದರೆ ಹದಿಮೂರು ಅಂತ ಅಂಗಡಿಯವನೇ ಹೇಳಿದ. ಫೋರ್ಟ್ ಏರಿಯಾದ ಅಂಗಡಿಯೊಂದರಲ್ಲಿ ಯಾರೋ ವಿದೇಶಿಯರು ಮಾರಿಹೋದ ಕಿತ್ತಳೆ ಬಣ್ಣದ್ದು ಇತ್ತು. ಕಿರುಬೆರಳಲ್ಲಿ ಎತ್ತಬಹುದು. ಅಂಗಡಿಯ ನಡುವೆ ಬಿಡಿಸಿ ಸತ್ಯಮೂರ್ತಿ ಒಳಗೆ ಹೋಗಿ ಕೂತರೆ ತಲೆ ಹೋಗಿ ಮಾಡಿಗೆ ತಾಗಿತು. ಹಗುರ ಬೇಕೆಂದರೆ ಮಲಗಬೇಕು, ಕೂರಬೇಕೆಂದರೆ ಹೊರಬೇಕು.

"ದೊಡ್ಡದನ್ನೇ ತಗೊಳಿ, ನಾನು ಹೊರ್ತೀನಿ," ಅಂದಳು ಕೌಸಲ್ಯಾ, ಬಾಯಿ ತಪ್ಪಿ.

"ಹೆಂಡ್ತಿ ಬೆನ್ನ ಮೇಲೆ ಮನೆ ಹೊರಿಸಿ ನಾನು ಕೈ ಬೀಸ್ಕೊಂಡು ಬರ್ಲಾ? ಹಿರಿಯಣ್ಣ ಏನಂದ್ಕೋತಾನೆ?"

ಕೊನೆಗೆ ಯಾರೋ ಬೈಕುಲ್ಲಾದ ಅಣವೀರಪ್ಪನ ಹೆಸರು ಹೇಳಿದರು. ವಿಜಾಪುರ ಕಡೆಯವನು. ತರಕಾರಿ ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿ ಹಾಸಿಗೆಯಷ್ಟು ಅಗಲದ ಅಂಗಡಿ. ಅವನೂ ಹೆಂಡತಿ ಭಾಗವ್ವನೂ ಎದುರುಬದುರು ಎರಡು ಹೊಲಿಗೆ ಮಷೀನು ಹಾಕಿಕೊಂಡು ಕೈಗಾಡಿಗಳ ತಾಡಪತ್ರಿ, ಟ್ಯಾಕ್ಸಿಗಳ ಕವರು ಹೊಲಿಯುತ್ತಿದ್ದರು. ಪ್ಯಾರಾಶೂಟ್ ಬಟ್ಟೆಯಲ್ಲಿ ಟೆಂಟೂ ಹೊಲಿದುಕೊಡುತ್ತಾನೆ ಅಂತ ಸುದ್ದಿ.

ಅಣವೀರಪ್ಪನಿಗೆ ಒಂದು ಪದ್ಧತಿ. ಟೆಂಟಿನ ಅಳತೆ ಬರೆದುಕೊಟ್ಟರೆ ತಗೊಳ್ಳುವವನಲ್ಲ. ಸತ್ಯಮೂರ್ತಿ ನೀಟಾಗಿ ನಕ್ಷೆ ಬರೆದುಕೊಂಡು ಹೋಗಿದ್ದ. ಅಣವೀರಪ್ಪ ಅದನ್ನು ಮಡಿಚಿ ಮಷೀನಿನ ಕೆಳಗಿಟ್ಟ.

"ಕಾಗದದಾಗ ನೀವು ಕೂಡಾಂಗಿಲ್ಲಲ್ರೀ ಸಾಹೇಬ್ರ. ಬೂಟ್ ಬಿಚ್ರಿ, ಇಲ್ಲೆ ನೆಲದ ಮ್ಯಾಲ ಕೂಡ್ರಿ. ಅಂಗಿ ಹೊಲ್ಯಾವ ಮೈ ಅಳೀತಾನ, ನಾ ಕೂಡೂದು ಅಳೀತೀನಿ."

"ಅವ್ರು ಹೇಳ್ದಂಗ ಕೂಡ್ರಿ ಸಾಹೇಬ್ರ," ಅಂದಳು ಭಾಗವ್ವ ದಾರ ಹಲ್ಲಿನಲ್ಲಿ ಕಡಿಯುತ್ತ. "ನಾ ಇಪ್ಪತ್ತ ವರ್ಷದಿಂದ ಅವ್ರು ಹೇಳ್ದಂಗ ಕುಂತೀನಿ, ಇನ್ನೂ ಎದ್ದಿಲ್ಲ."

ಸತ್ಯಮೂರ್ತಿ ಕೂತ. ಹೇಗೆ ಕೂತ ಅಂತೀರಿ! ಸ್ಟುಡಿಯೋದಲ್ಲಿ ಫೋಟೋಕ್ಕೆ ಕೂತ ಹಾಗೆ, ಬೆನ್ನು ನೆಟ್ಟಗೆ, ಎದೆ ಮುಂದೆ, ಗಲ್ಲ ಮೇಲೆ. ಅಣವೀರಪ್ಪ ನೆಲದಿಂದ ನೆತ್ತಿಗೆ ಟೇಪು ಹಿಡಿದ. ಮೂವತ್ತನಾಲ್ಕು ಇಂಚು. "ಮ್ಯಾಲ ನಾಕ ಬೆರಳ ಬಿಡ್ತೀನಿ. ತಲಿ ಕಡೆ ಎತ್ತರ ಮಾಡಿ, ಕಾಲ ಕಡೆ ಇಳಿಸಿ ತರ್ತೀನಿ. ಅಂದ್ರ ಬಟ್ಟಿ ಕಡಿಮಿ, ವಜನ ಕಡಿಮಿ."

ಇವರು ಹಾಗೆ ಕೂರುವುದಿಲ್ಲ ಅಂತ ಕೌಸಲ್ಯಾಗೆ ಗೊತ್ತು. ರಾತ್ರಿ ಉಸಿರು ಸಿಕ್ಕದೇ ಹೋದಾಗ ಗಂಡ ಕೂರುವುದು ಹೇಗೆ ಅಂತ ಲೋಕದಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೇ. ಮಾತು ನಾಲಿಗೆಯ ತುದಿಗೆ ಬಂತು. ಅಪರಿಚಿತರ ಅಂಗಡಿ, ಆಚೆ ಗಲ್ಲಿಯಲ್ಲಿ ಹಮಾಲರು, ನೆಲದ ಮೇಲೆ ಎದೆಯುಬ್ಬಿಸಿ ಕೂತ ಗಂಡನ ಮುಖ. ಅವಳು ಮಾತು ನುಂಗಿಕೊಂಡಳು.

ಹದಿನೈದು ದಿನಕ್ಕೆ ಟೆಂಟು ಸಿದ್ಧವಾಯಿತು. ಅಣವೀರಪ್ಪ ಅದನ್ನು ಈರುಳ್ಳಿ ಮಂಡಿಯ ತಕ್ಕಡಿಯಲ್ಲೇ ತೂಗಿ ತೋರಿಸಿದ. ಕೋಲು, ಹಗ್ಗ, ಗೂಟ ಎಲ್ಲ ಸೇರಿ ಎರಡೂ ಮುಕ್ಕಾಲು ಕಿಲೋ. ಸತ್ಯಮೂರ್ತಿ ಲೋಕಲ್ಲಿನಲ್ಲಿ ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ಪಕ್ಕದವನು ಕೇಳದಿದ್ದರೂ, "ಟೆಂಟು" ಅಂತ ಹೇಳಿದ.

ಮಾರನೇ ಭಾನುವಾರ ಮಧ್ಯಾಹ್ನ ಬಿಲ್ಡಿಂಗಿನ ಟೆರೇಸಿನಲ್ಲಿ ಪರೀಕ್ಷೆ. ಸಿಮೆಂಟಿನಲ್ಲಿ ಗೂಟ ಇಳಿಯದು, ಹಗ್ಗಗಳನ್ನು ನೀರಿನ ಪೈಪಿಗೂ ಇಟ್ಟಿಗೆಗಳಿಗೂ ಕಟ್ಟಿದರು. "ಬೆಟ್ಟದಲ್ಲಿ ಚಳಿ ಇರತ್ತೆ, ಬಾಗಿಲು ಹಾಕಿಯೇ ನೋಡ್ಬೇಕು," ಅಂತ ಅವನು ಒಳಗೆ ಹೋಗಿ ಬಾಗಿಲ ಲಾಡಿಗಳನ್ನೆಲ್ಲ ಕಟ್ಟಿಕೊಂಡ. ಕೌಸಲ್ಯಾ ಪಕ್ಕದ ತಂತಿಯ ಮೇಲಿನ ಬಟ್ಟೆ ತೆಗೆಯುತ್ತಿದ್ದಳು.

"ಅರಮನೆ ಕಣೇ!" ಒಳಗಿನಿಂದ ಕೂಗಿದ. "ತಲೆ ಮೇಲೆ ನಾಲ್ಕು ಬೆರಳು ಸರಿಯಾಗಿದೆ."

ಹೊಸ ಬಟ್ಟೆಗೆ ನೀರು ಇಳಿಯದಂತೆ ಬಳಿದ ರಬ್ಬರಿನ ವಾಸನೆ, ಮೇಲಿನಿಂದ ಬಿಸಿಲು. ಒಂದೆರಡು ನಿಮಿಷ ಆಗಿತ್ತೋ ಇಲ್ಲವೋ, ಒಳಗಿಂದ ಆ ಸಣ್ಣ ಸೀಟಿಯ ಸದ್ದು ಬಂತು. ಅವಳಿಗೆ ಗೊತ್ತಿದ್ದ ಸದ್ದು. ಆಮೇಲೆ ಕಾಲ ಕಡೆಯ ಇಳಿಜಾರು ಬಟ್ಟೆ ಉಬ್ಬಿತು. ಒಳಗಿನಿಂದ ಹಣೆ ಒತ್ತಿದ್ದು, ಮೂಗು ಒತ್ತಿದ್ದು, ಬಾಯಿ ತೆರೆದದ್ದು, ಎಲ್ಲ ನೀಲಿ ಬಟ್ಟೆಯ ಮೇಲೆ ಮೂಡಿತು. ಒಗೆದ ಬಟ್ಟೆ ಬಿಸಾಕಿ ಓಡಿದಳು. ಬಾಗಿಲ ಸಂದಿಯಿಂದ ಎಳೆದ ಲಾಡಿಯ ಗಂಟು ಬಿಚ್ಚಲಿಲ್ಲ, ಹಲ್ಲು ಹಾಕಿ ಕಿತ್ತಳು. ಅವನನ್ನು ಕಂಕುಳಿಗೆ ಕೈಕೊಟ್ಟು ಎಳೆದು, ಅವನ ಜೇಬಿನಿಂದ ಉಬ್ಬಸದ ಪಂಪು ತೆಗೆದು ಬಾಯಿಗಿಟ್ಟಳು.

ಕಾಲು ಗಂಟೆಯ ಮೇಲೆ ಸತ್ಯಮೂರ್ತಿಗೆ ಮಾತು ಬಂತು. ಬಂದ ಮೊದಲ ಮಾತು: "ಎತ್ತರ ಸರಿ ಇದೆ. ಬಟ್ಟೆ ಸ್ವಲ್ಪ ಸಡಿಲ, ಅಷ್ಟೇ."

"ರೀ..."

"ಅಷ್ಟೇ ಅಂದ್ನಲ್ಲ."

ಕೌಸಲ್ಯಾ ಎರಡು ದಿನ ನೆಟ್ಟಗೆ ಊಟ ಮಾಡಲಿಲ್ಲ. ಬಾಯಿ ಬಿಟ್ಟು ಬೇಡ ಅಂದರೆ ಅವನು ಮನೆಯಲ್ಲೇ ಉಳಿಯುತ್ತಾನೆ. ಉಳಿದು ಏನಾಗುತ್ತಾನೆ? ಕಿಟಕಿಯ ಪಕ್ಕ ಕೂತು ರೇಡಿಯೋ ಕೇಳುವ ಮನುಷ್ಯನಾಗುತ್ತಾನೆ. ಸುಮ್ಮನಿದ್ದರೆ ಈ ಟೆಂಟನ್ನೇ ಕಟ್ಟಿಕೊಂಡು ಹೊರಡುತ್ತಾನೆ, ಆ ನೀಲಿ ಬಟ್ಟೆ ಮುಖಕ್ಕೆ ಅಂಟಿಕೊಳ್ಳುತ್ತದೆ. ಬುಧವಾರ ಶಾಲೆ ಬಿಟ್ಟ ಮೇಲೆ, ಗಂಡನಿಗೆ ಹೇಳದೆ ಟೆಂಟನ್ನು ಕೈಚೀಲಕ್ಕೆ ತುರುಕಿಕೊಂಡು ಬೈಕುಲ್ಲಾಕ್ಕೆ ಹೋದಳು.

ಅಣವೀರಪ್ಪ ಕಿತ್ತ ಲಾಡಿ ನೋಡಿ ಹುಬ್ಬು ಗಂಟಿಕ್ಕಿದ. "ಏನಾತ್ರಿ ಅಕ್ಕಾರ? ಅಳತಿ ತಪ್ಪಿಲ್ಲಲ್ಲ?"

"ನಿಮ್ಮದು ತಪ್ಪಿಲ್ಲ. ಕೂತವರು ತಪ್ಪಾಗಿ ಕೂತರು. ನಾನು ನೋಡ್ಕೊಂಡು ಸುಮ್ನಿದ್ದೆ." ಕೌಸಲ್ಯಾ ಚಪ್ಪಲಿ ಬಿಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಟ್ಟೆಯ ತುಣುಕುಗಳ ನಡುವೆ ನೆಲದ ಮೇಲೆ ಕೂತಳು. "ಹೀಗಲ್ಲ ಅವರು ಕೂರೋದು. ನೋಡಿ."

ಚಕ್ಕಳಮಕ್ಕಳ ಹಾಕಿದಳು. ಕೈಚೀಲವನ್ನು ದಿಂಬಿನ ಹಾಗೆ ತೊಡೆಯ ಮೇಲಿಟ್ಟುಕೊಂಡಳು. ಮುಂದಕ್ಕೆ ಬಾಗಿ ಮೊಣಕೈ ಎರಡನ್ನೂ ಅದಕ್ಕೆ ಊರಿದಳು. ಭುಜ ಕಿವಿಯ ತನಕ ಏರಿತು. ಕತ್ತು ಮುಂದೆ ಚಾಚಿ, ಬಾಯಿ ತೆರೆದು, ಒಂದೊಂದೇ ಉಸಿರು ಎಳೆದಳು. ರಾತ್ರಿಗಳಲ್ಲಿ ಎಷ್ಟು ಹೊತ್ತು ನೋಡಿದ್ದಳೋ, ಮೈಗೆ ತಾನಾಗಿಯೇ ಬಂತು. ಎರಡೂ ಮಷೀನು ನಿಂತವು.

"ಯವ್ವಾ," ಅಂದಳು ಭಾಗವ್ವ ಮೆಲ್ಲಗೆ. "ನಮ್ಮಪ್ಪ ಹಿಂಗ ಕೂಡ್ತಿದ್ದ. ದಮ್ಮು ಐತೇನ್ರಿ ಸಾಹೇಬ್ರಿಗೆ?"

ಕೌಸಲ್ಯಾ ತಲೆ ಎತ್ತಿದಳು. ಅಂಗಡಿಯ ಬಾಗಿಲಲ್ಲಿ ಸತ್ಯಮೂರ್ತಿ ನಿಂತಿದ್ದ. ಆಫೀಸಿನಿಂದ ನೇರ ಬಂದಿದ್ದ. ಹೆಂಡತಿಗೆ ತಿಳಿಯದ ಹಾಗೆ ದರ್ಜಿಗೆ ಏನಾದರೂ ಹೇಳಿ ಮುಂಭಾಗ ಬಿಗಿ ಮಾಡಿಸೋಣ ಅಂತ ಬಂದವನು. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ, ಮುಖ ಬಿಳಿಚಿಕೊಂಡಿತ್ತು. ತಾನು ಹಾಗೆ ಕಾಣುತ್ತೇನೆ ಅಂತ ಅವನು ಎಂದೂ ನೋಡಿರಲಿಲ್ಲ. ಕನ್ನಡಿಯ ಮುಂದೆ ಯಾರಾದರೂ ಹಾಗೆ ಕೂರುತ್ತಾರೆಯೇ?

ಅವಳಿಗೆ ಎದ್ದು ಓಡಿಹೋಗಬೇಕು ಅನ್ನಿಸಿತು. ಎದ್ದೇಳಲಿಲ್ಲ. "ಬೈಯೋದಿದ್ರೆ ಮನೇಲಿ ಬೈರಿ," ಅಂದಳು.

ಅವನು ಬೈಯಲಿಲ್ಲ. ಹೋಗಿಬಿಡುವವನ ಹಾಗೆ ಗಲ್ಲಿಯ ಕಡೆ ತಿರುಗಿದ. ಮತ್ತೆ ತಿರುಗಿದ. ಅಣವೀರಪ್ಪ ಏನೂ ಆಗದವನ ಹಾಗೆ ಟೇಪು ಕೊರಳಿಂದ ತೆಗೆದು, "ಬರ್ರಿ ಸಾಹೇಬ್ರ, ಅಕ್ಕಾರ ಮೈ ಸಣ್ಣದೈತಿ. ನಿಮ್ಮ ಅಳತಿ ನಿಮ್ಮದ ಬೇಕು," ಅಂದ.

ಸತ್ಯಮೂರ್ತಿ ಬೂಟು ಬಿಚ್ಚಿದ. ಹೆಂಡತಿಯ ಪಕ್ಕದಲ್ಲಿ ಕೂತು ಕೈಚೀಲ ತಗೊಂಡ. "ಮೊಣಕೈ ಅಷ್ಟು ಹತ್ತಿರ ಬರಲ್ಲ ಕಣೇ," ಅಂದ ಅವಳ ಮುಖ ನೋಡದೆ. "ಇನ್ನೂ ಅಗಲ." ಬಾಗಿದ. ಹಾಗೇ ಇದ್ದ. ಅಣವೀರಪ್ಪ ಬೆನ್ನಿನಿಂದ ನೆತ್ತಿಗೆ, ಮೊಣಕೈಯಿಂದ ಮೊಣಕೈಗೆ, ನೆತ್ತಿಯಿಂದ ಮುಂದೆ ಬಟ್ಟೆ ಎಲ್ಲಿಗೆ ಬರಬಾರದು ಅಲ್ಲಿಗೆ, ಮೂರು ಕಡೆ ಅಳೆದ. ಎತ್ತರವನ್ನು ಹಾಗೇ ಇನ್ನೆರಡು ಅಡಿ ಮುಂದಕ್ಕೆ ಒಯ್ದು ಆಮೇಲೆ ಇಳಿಸಬೇಕು. ತಲೆಯ ಮೇಲೆ ಎರಡೂ ಕಡೆ ಜಾಲರಿಯ ಕಿಟಕಿ. ರಬ್ಬರ್ ಬಳಿದ ಬಟ್ಟೆ ನೆಲಕ್ಕೆ ಮಾತ್ರ. "ವಜನ ಮೂರೂವರಿ ಆಕ್ಕೈತಿ. ಅದಕ್ಕಿಂತ ಕಡಿಮಿ ನನ್ನ ಕೈಲಿ ಆಗೂದಿಲ್ಲ."

ಹೊಸ ಟೆಂಟು ಹಿರಿಯಣ್ಣನ ಕಣ್ಣಿಗೆ ಬಿದ್ದದ್ದು ಹೊರಡುವ ಒಂದು ವಾರ ಮುಂಚೆ, ಅದೇ ಟೆರೇಸಿನ ಮೇಲೆ. ಸಾಮಾನಿನ ತಪಾಸಣೆಗೆ ಬಂದವನು ಟೆಂಟಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಏನಯ್ಯಾ ಮೂರ್ತಿ ಇದು? ಬಸುರಿ ಎಮ್ಮೆ ಕಟ್ಟಿಹಾಕಿದ ಹಾಗಿದೆ. ಒಳಗೆ ಹರಿಕಥೆ ಮಾಡಿಸ್ತೀಯಾ?"

ಬೇರೆ ದಿನವಾಗಿದ್ದರೆ ಸತ್ಯಮೂರ್ತಿ ಏನಾದರೊಂದು ತಮಾಷೆ ಹೇಳಿ ದಾಟಿಬಿಡುತ್ತಿದ್ದ. ಹಗ್ಗ ಬಿಗಿಯುತ್ತಿದ್ದ ಕೈ ನಿಂತಿತು. "ನನಗೆ ಮಲಗೋಕಾಗಲ್ಲ ಹಿರಿಯಣ್ಣ. ಉಬ್ಬಸ. ಎರಡು ವರ್ಷ ಆಯ್ತು."

ಹಿರಿಯಣ್ಣನ ನಗು ಎಲ್ಲಿ ಹೋಯಿತೋ. ಇಟ್ಟಿಗೆಯ ಮೇಲೆ ಕೂತ. "ಲೇಸು ಕಟ್ತಿದ್ದಿದ್ದು ಅದಕ್ಕಾ?" ಅಂದ. ಉತ್ತರಕ್ಕೂ ಕಾಯಲಿಲ್ಲ. "ಎಂಟು ದಿನ ನಾನು ಒಪ್ಪಲ್ಲ ಕಣಯ್ಯ. ಮಧ್ಯದಲ್ಲಿ ಏನಾದರೂ ಆದ್ರೆ ಹೊತ್ತುಕೊಂಡು ಇಳಿಯೋಕೂ ದಾರಿ ಇಲ್ಲ. ನಾಲ್ಕನೇ ದಿನ ಮಾಳಶೇಜ್ ಘಾಟಿನಲ್ಲಿ ಬಸ್ ರಸ್ತೆ ಸಿಗತ್ತೆ. ಅಲ್ಲಿ ತನಕ ಬಾ. ಅಲ್ಲಿ ನೋಡೋಣ." ಕೌಸಲ್ಯಾ ಕಡೆ ತಿರುಗಿದ. "ನೀವೇನಂತೀರಿ ಅತ್ತಿಗೆ?"

ಗುಟ್ಟು ಬಯಲಾದೀತು ಅನ್ನುವ ಅಂಜಿಕೆಯೇ ಕೊನೆಗೆ ಅವನನ್ನು ಹಿಡಿದು ನಿಲ್ಲಿಸುತ್ತದೆ ಅಂತ ಅವಳಿಗೊಂದು ಆಸೆ ಇತ್ತು. ಈಗ ಅದೂ ಹೋಯಿತು. ಟೆಂಟಿದೆ, ಎತ್ತರವಿದೆ, ಕಿಟಕಿಯಿದೆ. ಹೊರಡಲು ಇನ್ನೇನೂ ಅಡ್ಡಿಯಿಲ್ಲ, ಅವಳೊಬ್ಬಳ ಮಾತಿನ ಹೊರತು. ಒಂದು ಬೇಡ ಅಂದರೆ ಮುಗಿಯಿತು. ಸತ್ಯಮೂರ್ತಿ ಅವಳ ಕಡೆ ನೋಡದೆ ಹಗ್ಗದ ಗಂಟನ್ನೇ ನೋಡುತ್ತಿದ್ದ.

"ಟೆಂಟ್ ನಾನು ಹೊರ್ತೀನಿ," ಅಂದಳು ಕೌಸಲ್ಯಾ. "ನಾಲ್ಕನೇ ದಿನ ಬಸ್ಸಿಗೆ ಹತ್ತೋದೋ ಬಿಡೋದೋ ಇವರು ಹೇಳೋ ಹಾಗಿಲ್ಲ. ನೀವೂ ಹೇಳೋ ಹಾಗಿಲ್ಲ. ನಾನು ಇಳೀಬೇಕು ಅಂದ್ರೆ ಇಳೀಬೇಕು."

"ಆಯ್ತು," ಅಂದ ಸತ್ಯಮೂರ್ತಿ.

ಎಷ್ಟು ಸಣ್ಣ ದನಿಯಲ್ಲಿ ಅಂದನೆಂದರೆ, ಹಿರಿಯಣ್ಣ ಅವನಿಂದ ಇನ್ನೊಂದು ಸಲ ಹೇಳಿಸಿದ.