ಎಳ್ಳುಗಣ್ಣಿ

ನನ್ನ ಅಕ್ಕನಿಗೆ ‘ಎಳ್ಳುಗಣ್ಣಿ’ ಎಂದು ಹೆಸರಿಟ್ಟವನು ನಾನೇ. ಹುಟ್ಟಿನಿಂದಲೇ ಸಣ್ಣ ಕಣ್ಣು, ಮೇಲೆ ದಪ್ಪ ಗಾಜಿನ ಕನ್ನಡಕ. ಗೋಗಿ ಊರಿನ ಅವಳ ಮನೆಯಲ್ಲಿ ಮೊಮ್ಮಕ್ಕಳೂ ಈಗ ಹಾಗೇ ಕರೆಯುತ್ತಾರೆ. ಅಕ್ಕ ಒಮ್ಮೆಯೂ ಸಿಟ್ಟಾಗಲಿಲ್ಲ. ಕೌದಿ ಹೊಲಿಯುತ್ತಲೇ ನಗುತ್ತಿದ್ದಳು.

ಸೂಜಿಗೆ ದಾರ ಪೋಣಿಸುವುದು ಅವಳಿಗೆ ಕಷ್ಟವಾದಾಗ ಶಹಾಪುರದ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಅಳತೆ ಮುಗಿದ ಮೇಲೆ ಅವರು ಅವಳನ್ನು ಹೊರಗೆ ಕೂರಿಸಿ, ನನ್ನನ್ನು ಒಳಗೆ ಕರೆದರು.

“ಎರಡೂ ಕಣ್ಣಾಗ ಪೊರಿ ಬಂದಾದ. ಆದ್ರ ಕಣ್ಣು ಬಾಳ ಸಣ್ಣವು ಅದಾವ್ರಿ.”

“ಅದು ನಮಗ ಮೊದಲಿಂದ ಗೊತ್ತದ್ರಿ ಸಾಹೇಬ್ರ,” ಎಂದು ನಕ್ಕೆ.

ಅವರು ನಗಲಿಲ್ಲ. “ಮಾರಿ ನೋಡಿ ಹೇಳಾಕತ್ತಿಲ್ರಿ. ಕಣ್ಣಿನ ಗುಡ್ಡಿನೇ ಒಳಗಿಂದ ಗಿಡ್ಡ ಅದ. ಪೊರಿ ದಪ್ಪ ಆದಂಗ ಒಳಗ ಜಾಗ ಸಾಲಂಗಿಲ್ಲ, ಒತ್ತಡ ಏರ್ತದ. ಇಲ್ಲಿ ಆಗೋ ಕೆಲಸ ಅಲ್ಲ, ಕಲಬುರಗಿಗೆ ಹೋಗ್ರಿ. ತಡ ಮಾಡಬ್ಯಾಡ್ರಿ.”

ಊರಿಗೆ ಮರಳುವ ಆಟೋದಲ್ಲಿ ಅಕ್ಕ ಕೇಳಿದಳು, “ಏನಂದ್ರೋ?”

“ನಿನ್ನ ಕಣ್ಣು ಸಣ್ಣವು ಅದಾವಂತ. ಅದನ್ನ ಹೇಳಾಕ ಅಷ್ಟು ಓದ್ಯಾನ!”

ಆಟೋದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅಕ್ಕ.

“ಪೊರಿ ಹಣ್ಣಾಗ್ಲಿ, ಆಮ್ಯಾಲ ತಗಸೋಣು,” ಎಂದೆ. ಪೊರೆ ಮಾಗಿದ ಮೇಲೆಯೇ ತೆಗೆಸಬೇಕು ಎಂಬುದು ನಮ್ಮ ಕಡೆಯ ನಂಬಿಕೆ. ಅವ್ವನದನ್ನೂ ಹಾಗೇ ಕಾದು ತೆಗೆಸಿದ್ದೆವು, ಚೆನ್ನಾಗಿಯೇ ಕಂಡಿತ್ತು. ಡಾಕ್ಟರಿಗಿಂತ ನನಗೇ ಹೆಚ್ಚು ತಿಳಿದಿದೆ ಎಂಬ ಗತ್ತು ಬೇರೆ.

ಎಂಟು ತಿಂಗಳ ನಂತರ ಒಂದು ಬೆಳಿಗ್ಗೆ ಅಕ್ಕನಿಗೆ ಬಲಗಣ್ಣು ಕೆಂಪಾಗಿ ತಲೆ ಸಿಡಿಯತೊಡಗಿತು, ವಾಂತಿಯೂ ಆಯಿತು. ಪಿತ್ತವಿರಬೇಕೆಂದು ಮನೆಯವರು ಎರಡು ದಿನ ನಿಂಬೆರಸ ಕುಡಿಸಿದರು. ಫೋನಿನಲ್ಲಿ ಕೇಳಿದಾಗ ಹೌದೆಂದವನೂ ನಾನೇ. ಕಲಬುರಗಿ ಮುಟ್ಟುವಷ್ಟರಲ್ಲಿ ಒಳಗಿನ ಒತ್ತಡಕ್ಕೆ ಆ ಕಣ್ಣು ಹೋಗಿಬಿಟ್ಟಿತ್ತು. ಎಡಗಣ್ಣಿಗೆ ಮೊದಲು ಒತ್ತಡ ಇಳಿಸಿ, ಅವಳ ಅಳತೆಯ ಮಸೂರ ಹೊರಗಿನಿಂದ ತರಿಸಿ, ಬಹಳ ಜೋಪಾನವಾಗಿ ಆಪರೇಷನ್ ಮಾಡಿದರು. ಅದು ಉಳಿಯಿತು. ಎರಡೂ ಉಳಿಯಬಹುದಿತ್ತು.

ಪಟ್ಟಿ ಬಿಚ್ಚಿದ ದಿನ ಅಕ್ಕ ಆ ಒಂದೇ ಕಣ್ಣಿನಿಂದ ನನ್ನನ್ನು ಬಹಳ ಹೊತ್ತು ನೋಡಿದಳು.

“ತಮ್ಮಾ, ಶಾಪೂರದ ಡಾಕ್ಟರ್ ಅವತ್ತ ಮತ್ತೇನರ ಹೇಳಿದ್ರೇನೋ?”

ಹೇಳಬೇಕಿತ್ತು. ಬಾಯಿ ತೆರೆದೆ ಕೂಡ.

“ಇಲ್ಲಕ್ಕಾ. ಕಣ್ಣು ಸಣ್ಣವು ಅಂದ್ರು, ಅಷ್ಟ.”

“ಎಳ್ಳುಗಣ್ಣಿ ಅಲ್ಲೇನು ನಾ,” ಎಂದು ಅಕ್ಕ ನಕ್ಕಳು.