ದುಂಡಗೆ ಹಾಕಿದ ಕುರ್ಚಿಗಳು

ಪ್ಲಾಸ್ಟಿಕ್ ಕುರ್ಚಿಯನ್ನು ನುಣುಪು ನೆಲದ ಮೇಲೆ ಎಳೆದರೆ ಕಿರ್ರೆಂದು ಒಂದು ಸದ್ದು ಬರುತ್ತದೆ, ಕೇಳಿದ್ದೀರಲ್ಲ? ಮೊನ್ನೆ ದಾಂಡೇಲಿಯ ಒಂದು ಆಸ್ಪತ್ರೆಯಲ್ಲಿ ಆಯಾ ಒಬ್ಬರು ನಮ್ಮ ಸಭೆಗಾಗಿ ಕುರ್ಚಿಗಳನ್ನು ದುಂಡಗೆ ಹಾಕುತ್ತಿದ್ದರು. ಆ ಸದ್ದಿಗೆ ನನ್ನ ಹಲ್ಲು ಜುಮ್ಮೆಂದಿತು. ಹಿಂದೆಯೇ ಹಳಿಯಾಳ ನೆನಪಾಯಿತು.

ಕೆಲವು ವರ್ಷಗಳ ಹಿಂದೆ ನಾನು ಒಂದು ಸಂಶೋಧನೆಗೆ ಸಹಾಯಕಿಯಾಗಿ ಸೇರಿದ್ದೆ. ವಿಷಯವೇನು ಸಣ್ಣದೇ? ಆಸ್ಪತ್ರೆಗಳಲ್ಲಿ ದುಡಿಯುವವರ ನಡುವೆ ಒಳಗೊಳ್ಳುವಿಕೆ, ಸಮತೆ ಮತ್ತು ಮಾನಸಿಕ ಸ್ವಾಸ್ಥ್ಯ. ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನ ಸ್ವಾಸ್ಥ್ಯವೇ ಕೆಡುತ್ತಿತ್ತು. ನಮ್ಮ ಮುಖ್ಯಸ್ಥೆ ಮೇಡಂ ಬೆಂಗಳೂರಿನವರು. ಹಳಿಯಾಳಕ್ಕೆ ಬರುವ ಮೊದಲು ಕುಳಗಿಯ ಕಾಡಿನ ಕ್ಯಾಂಪಿನಲ್ಲಿ ತಂಗಿ, ಹಕ್ಕಿಗಳ ಫೋಟೋ ತೆಗೆದುಕೊಂಡು ಬಂದಿದ್ದರು. ಇಡೀ ಸಂಶೋಧನೆಯಲ್ಲಿ ಯಾರ ಮನಸ್ಸಾದರೂ ಹಗುರವಾಗಿದ್ದರೆ ಅದು ಅವರದೇ, ನಾನು ಸಾಕ್ಷಿ.

ಹಳಿಯಾಳದ ಆ ಖಾಸಗಿ ಆಸ್ಪತ್ರೆಯಲ್ಲಿ ನರ್ಸ್‌ಗಳೊಂದಿಗೆ ಗುಂಪು ಚರ್ಚೆಯಿತ್ತು. ದುಂಡಗೆ ಕೂತರೆ ಮೇಲು ಕೀಳು ಇರುವುದಿಲ್ಲ ಎಂಬುದು ಮೇಡಂ ಸಿದ್ಧಾಂತ. ಮುಂಡಗೋಡ ಕಡೆಯ ಗಂಗವ್ವ ಎಂಬ ಆಯಾ ವಾರ್ಡು ವಾರ್ಡಿನಿಂದ ಕುರ್ಚಿ ಹೊತ್ತು ತಂದು ಜೋಡಿಸಿದರು. ತಂದವರಿಗೆ ಮಾತ್ರ ಕುರ್ಚಿ ಇರಲಿಲ್ಲ. ಅವರು ಗುತ್ತಿಗೆಯವರಂತೆ, ನಮ್ಮ ಅಧ್ಯಯನದ ವ್ಯಾಪ್ತಿಗೆ ಬರುವುದಿಲ್ಲವಂತೆ. ಆಸ್ಪತ್ರೆಯ ಮಾಲೀಕರಾದ ದೊಡ್ಡ ಡಾಕ್ಟರು ವ್ಯಾಪ್ತಿಗೆ ಬಂದರು. ಯಾರನ್ನೂ ಹೊರಗಿಡಬಾರದು ನೋಡಿ, ಡಾಕ್ಟರನ್ನು ಮೇಡಂ ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು.

ಅತ್ತೆಯನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಸೊಸೆಗೆ ‘ಮನೆಯಲ್ಲಿ ಸುಖವಾಗಿದ್ದೀಯಾ?’ ಎಂದು ಕೇಳಿದರೆ ಯಾವ ಸೊಸೆ ಏನು ಹೇಳಿಯಾಳು?

“ಎಲ್ಲಾ ಚಲೋ ಐತ್ರಿ.”

“ಏನೂ ತ್ರಾಸಿಲ್ರಿ.”

ಶಾಹಿದಾ ಎಂಬ ಸಿಸ್ಟರ್ ಇದ್ದಳು, ದಾಂಡೇಲಿಯ ಮಿಲ್ ಕೆಲಸಗಾರರೊಬ್ಬರ ಮಗಳು. ಅವಳೂ “ಚಲೋ ಐತ್ರಿ” ಎಂದಳು, ಆದರೆ ನೆಲ ನೋಡಿಕೊಂಡು. ದೊಡ್ಡ ಡಾಕ್ಟರು ತಲೆದೂಗಿದರು. “ನಮ್ಮಲ್ಲಿ ಎಲ್ಲಾರೂ ಒಂದ ಮನೀ ಮಂದಿ ಇದ್ದಂಗ್ರಿ ಮೇಡಂ.” ಅದನ್ನು ಮೇಡಂ ಅಡಿಗೆರೆ ಎಳೆದು ಬರೆದುಕೊಂಡರು.

ಚಹಾಕ್ಕೆ ಎಲ್ಲರೂ ಎದ್ದು ಹೋದ ಮೇಲೆ ಶಾಹಿದಾ ಗಂಗವ್ವನ ಜೊತೆ ಕುರ್ಚಿ ಪೇರಿಸಲು ನಿಂತಳು. ಬರೀ ಓಡಾಡಿಕೊಂಡಿದ್ದ ನಾನೂ ಒಂದು ಕುರ್ಚಿ ಎತ್ತಿದೆ.

“ಆಗ ಯಾಕ ಸುಮ್ಮನ ಕುಂತ್ರಿ ಸಿಸ್ಟರ್? ಹೇಳ್ರಿ ಇವ್ರಿಗಾರ,” ಎಂದರು ಗಂಗವ್ವ.

ಶಾಹಿದಾ ಬಾಗಿಲ ಕಡೆ ಒಮ್ಮೆ ನೋಡಿ ಹೇಳಿದಳು. ಹಿಂದಿನ ತಿಂಗಳು ರೋಗಿಯ ಕಡೆಯವನೊಬ್ಬ ವಾರ್ಡಿನಲ್ಲಿ ಅವಳ ಕೆನ್ನೆಗೆ ಹೊಡೆದಿದ್ದ. ಊರಿನಲ್ಲಿ ದೊಡ್ಡ ಮನುಷ್ಯ. ದೊಡ್ಡ ಡಾಕ್ಟರು ಅವಳಿಂದಲೇ ಕ್ಷಮೆ ಕೇಳಿಸಿದ್ದರು.

“ಕೈ ಎತ್ತಿದಾವ ಅವ, ಕೈ ಮುಗದಾಕಿ ನಾನು. ಹೋಗ್ಲಿ ಬಿಡ್ರಿ. ರಾತ್ರಿ ಡ್ಯೂಟಿಗೆ ಒಬ್ಬಾಕಿನ್ನ ಹಾಕಬ್ಯಾಡ್ರಿ, ಜೋಡಿಗೆ ಇನ್ನೊಬ್ಬರು ಇರ್ಲಿ ಅಂತ ಬರೀರಿ ಅಕ್ಕಾ. ನನ್ನ ಹೆಸರು ಮಾತ್ರ ಬ್ಯಾಡ.”

ನನಗೆ ಕಣ್ಣು ತುಂಬಿ ಬಂತು. ಓಡಿ ಹೋಗಿ, ಹೆಸರು ಬಿಟ್ಟು, ಮೇಡಂಗೆ ಹೇಳಿದೆ. ಅವರು ಬಿಸ್ಕೀಟು ಚಹಾದಲ್ಲಿ ಅದ್ದುತ್ತಾ, “ಪಾಪ! ಆದರೆ ಚರ್ಚೆ ಮುಗಿದಿತ್ತಲ್ಲ, ರೆಕಾರ್ಡರ್ ಆಫ್ ಆಗಿತ್ತಲ್ಲ? ಅದು ದತ್ತಾಂಶ ಆಗುವುದಿಲ್ಲ ಕಣಮ್ಮಾ,” ಎಂದರು. ಹೊಡೆಸಿಕೊಳ್ಳುವವರು ಇನ್ನು ಮುಂದೆ ರೆಕಾರ್ಡರ್ ಚಾಲೂ ಇದೆಯೇ ಎಂದು ನೋಡಿಕೊಂಡು ಹೊಡೆಸಿಕೊಳ್ಳಬೇಕು.

ವರದಿ ಚೆನ್ನಾಗಿಯೇ ಬಂತು, ಹೊಳೆಯುವ ಕಾಗದದಲ್ಲಿ. ಆ ಆಸ್ಪತ್ರೆಯ ವಾತಾವರಣ ‘ಕೌಟುಂಬಿಕ’ ಎಂದಿತ್ತು. ರಕ್ಷಾಪುಟದ ಮೇಲೆ ಕುಳಗಿಯ ಹಕ್ಕಿ. ವರದಿಯನ್ನು ತಲುಪಿಸಲು ಹಳಿಯಾಳಕ್ಕೆ ಹೋದಾಗ ಗಂಗವ್ವ ಸಿಕ್ಕರು. “ಶಾಹಿದಾ ಸಿಸ್ಟರ್ ಕೆಲಸಾ ಬಿಟ್ರು ನೋಡ್ರಿ. ಮತ್ತೊಮ್ಮೆ ಅಂಥಾದ್ದ ಆತು.” ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಮೇಡಂ ಇನ್ನೂ ಎತ್ತರಕ್ಕೆ ಏರಿದ್ದಾರೆ. ಚರ್ಚೆ ನಡೆಸುವ ಭಾಗ್ಯ ನನ್ನದು. ಮೊನ್ನೆ ದಾಂಡೇಲಿಯಲ್ಲೂ ಆಯಾ ಕುರ್ಚಿ ದುಂಡಗೆ ಹಾಕಿ ಮುಗಿಸುವುದಕ್ಕೂ ಆ ಆಸ್ಪತ್ರೆಯ ಮಾಲೀಕ ಸಾಹೇಬರು ನಗುತ್ತಾ ಬರುವುದಕ್ಕೂ ಸರಿಹೋಯಿತು. ಒಂದು ಕುರ್ಚಿ ಎತ್ತಿಕೊಂಡು ಹೋಗಿ ವರಾಂಡದಲ್ಲಿಟ್ಟೆ.

“ನಿಮಗ ಇಲ್ಲೇ ಹಾಕೇನ್ರಿ ಸರ್. ಗಾಳಿ ಚಲೋ ಬರ್ತೈತಿ.”

ಅವರ ನಗು ಅರ್ಧಕ್ಕೇ ನಿಂತಿತು. ಆಯಾ ಕೂಡ ರೂಢಿಯಂತೆ ಹೊರಗೆ ಹೊರಟಿದ್ದರು. “ನೀವೆಲ್ಲಿಗ್ರಿ? ಬಾಗ್ಲಾ ಹಾಕ್ಕೊಂಡು ಒಳಗ ಬರ್ರಿ,” ಎಂದೆ. ಆಯಾ ಬಂದು ಒಂದು ಕುರ್ಚಿಯ ತುದಿಯಲ್ಲಿ ಕೂತರು.

ನಾನಿನ್ನೂ ರೆಕಾರ್ಡರ್ ಒತ್ತಿರಲಿಲ್ಲ, ಅಷ್ಟರಲ್ಲೇ ದುಂಡಗೆ ಕೂತಿದ್ದ ನರ್ಸ್‌ಗಳಲ್ಲಿ ಎಳೆಯವಳೊಬ್ಬಳು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ ಶುರು ಮಾಡಿದಳು:

“ರಾತ್ರಿ ಡ್ಯೂಟಿಗೆ ನಾ ಒಬ್ಬಾಕೀನ ಇರ್ತೇನ್ರಿ, ಅಕ್ಕಾ...”