ನೀರಿನ ಬಕೆಟ್ ಹಿಡಿದು ಓಡಿ ಬಂದವರು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರಿಗೂ ಅವಳು ಅಕ್ಕ. ಮ್ಯಾನೇಜರ್ ಕೂಡ ಒಮ್ಮೊಮ್ಮೆ ಬಾಯಿತಪ್ಪಿ ಹಾಗೆ ಕರೆದುಬಿಟ್ಟು, ಆಮೇಲೆ ಸುಮ್ಮನೆ ಕೆಮ್ಮುತ್ತಿದ್ದರು.

ಅವಳದು ಲೇತ್ ಯಂತ್ರದ ಕೆಲಸ. ಗಾಲಿಕುರ್ಚಿಯ ಚಕ್ರ ಹಗುರವಾಗಿರಲಿ ಎಂದು ಅದರ ನಡುಭಾಗವನ್ನು ಮೆಗ್ನೀಸಿಯಮ್ ಬೆರೆತ ಲೋಹದಲ್ಲಿ ಕಡೆಯುತ್ತಿದ್ದಳು. ಗಟ್ಟಿ ತುಂಡಾಗಿರುವಾಗ ಈ ಲೋಹ ಬಲು ಸಾಧು. ಬಿಸಿ ತಾಗಿದರೆ ಮೈಗೆಲ್ಲ ಹಂಚಿಕೊಂಡು ತೆಪ್ಪಗಿರುತ್ತದೆ. ಉಳಿಯ ಬಾಯಿಂದ ಸುರುಳಿಯಾಗಿ ಬೀಳುವ ತೆಳು ಸಿಪ್ಪೆ ಮಾತ್ರ ಹಾಗಲ್ಲ. ಅದಕ್ಕೆ ಮೂಗಿನ ತುದಿಯಲ್ಲೇ ಕೋಪ. ಉಳಿ ಮೊಂಡಾದರೆ ಕತ್ತರಿಸುವ ಬದಲು ಉಜ್ಜತೊಡಗುತ್ತದೆ, ಉಜ್ಜಿದರೆ ಕಾವು, ಕಾವೇರಿದರೆ ಸಿಪ್ಪೆಗೆ ಬೆಂಕಿ. ಅದಕ್ಕೇ ಅಕ್ಕ ಯಾರ ಮಾತನ್ನು ಮರೆತರೂ ಉಳಿ ಮಸೆಯುವುದನ್ನು ಮರೆಯುತ್ತಿರಲಿಲ್ಲ.

ಮನೆಯಲ್ಲಿ ಅಮ್ಮ ಮತ್ತು ಅವಳು, ಇಬ್ಬರೇ. ಮದುವೆಯ ಮಾತು ಬಂದಾಗಲೆಲ್ಲ "ಆಮೇಲೆ ನೋಡೋಣ" ಎಂದು ತಳ್ಳುತ್ತ ಬಂದಿದ್ದಳು. ಕೇಳಿ ಕೇಳಿ ಕೊನೆಗೆ ಕೇಳುವವರೇ ಸುಮ್ಮನಾಗಿದ್ದರು.

ಆ ವರ್ಷ ಸಾಮಾನಿನ ಕೋಣೆಗೆ ಹೊಸಬರೊಬ್ಬರು ಬಂದರು. ಹೆಂಡತಿಯನ್ನು ಕಳೆದುಕೊಂಡವರು. ತೆಳ್ಳನೆ ಮೈ, ದಪ್ಪ ಕನ್ನಡಕ, ಕೈಗವಸು ಕೊಡುವಾಗಲೂ ಗಾಜಿನ ಬಳೆ ಕೊಡುವಷ್ಟು ನಾಜೂಕು. ಅವರಿಗೆ ಸ್ಟೋರ್ ಸಾಹೇಬರು ಎಂದು ಹೆಸರಾಯಿತು.

ಒಂದು ಮಧ್ಯಾಹ್ನ ಊಟ ಮುಗಿಸಿ ಅಕ್ಕ ಯಂತ್ರ ಶುರುಮಾಡಿದ್ದಳಷ್ಟೆ, ಉಳಿಯ ತುದಿ ಮುರಿದು ಹಾರಿತು. ಅವಳ ಕೈ ಸ್ವಿಚ್ಚಿಗೆ ಹೋಗುವಷ್ಟರಲ್ಲಿ ಕೆಳಗಿನ ತಟ್ಟೆಯ ಸಿಪ್ಪೆ ಹೊತ್ತಿಕೊಂಡಿತು. ಕಣ್ಣು ಕುಕ್ಕುವ ಬಿಳಿ ಬೆಳಕು; ಕಿಟಕಿಯ ಬಿಸಿಲೇ ಅದರ ಮುಂದೆ ಮಂಕಾಯಿತು. ಅಕ್ಕಪಕ್ಕದವರು ಬಿದ್ದೆನೋ ಎದ್ದೆನೋ ಎಂದು ಬಾಗಿಲ ಕಡೆ ಓಡಿದರು. ಅಕ್ಕ ಯಂತ್ರ ನಿಲ್ಲಿಸಿ, ಮುಖ ಓರೆ ಮಾಡಿಕೊಂಡು, ಪಕ್ಕದ ಡಬ್ಬದಿಂದ ಒಣ ಕಬ್ಬಿಣದ ಪುಡಿಯನ್ನು ಸಲಿಕೆಯಲ್ಲಿ ಮೊಗೆದು ಮೆಲ್ಲನೆ ಬೆಂಕಿಯ ಮೇಲೆ ಹರಡತೊಡಗಿದಳು.

ಆಗ ಸ್ಟೋರ್ ಸಾಹೇಬರು ತುಂಬಿದ ಬಕೆಟ್ ಹಿಡಿದು ಓಡಿ ಬಂದರು.

"ನೀರು ಬೇಡ! ನೀರು ಬೇಡಾರೀ!" ಎಂದು ಅಕ್ಕ ಕೂಗಿಕೊಂಡಳು. ಬೇರೆ ಯಂತ್ರಗಳ ಗದ್ದಲದಲ್ಲಿ ಅವರಿಗೆ ಕೇಳಿಸಿದ್ದು "ನೀರು" ಎಂಬುದೊಂದೇ. ಇನ್ನಷ್ಟು ಜೋರಾಗಿ ಓಡಿ ಬಂದರು. ಬೇರೆ ದಾರಿ ಕಾಣದೆ ಅಕ್ಕ ಸಲಿಕೆಯ ಹಿಡಿಯಿಂದ ಅವರ ಎದೆಗೆ ತಿವಿದೇಬಿಟ್ಟಳು. ಸಾಹೇಬರು ಅಂಗಾತ ಬಿದ್ದರು, ಬಕೆಟ್ಟಿನ ನೀರೆಲ್ಲ ಅವರ ಮೈಮೇಲೇ ಆಯಿತು. ತಟ್ಟೆಯ ಬೆಂಕಿ ಪುಡಿಯ ಅಡಿಯಲ್ಲಿ ಉಸಿರುಗಟ್ಟಿ ಆರಿತು.

ಓಡಿಹೋದವರೆಲ್ಲ ವಾಪಸು ಬಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಸಂಜೆಯೊಳಗೆ ಸ್ಟೋರ್ ಸಾಹೇಬರು ಬಕೆಟ್ ಸಾಹೇಬರಾಗಿದ್ದರು. ಮಾರನೆಯ ದಿನದಿಂದ ಅವರು ಅಕ್ಕನಿಗೆ ಬೇಕಾದ್ದನ್ನು ಮುಖ ನೋಡದೆ ಸಾಮಾನಿನ ಕೋಣೆಯ ಕಿಂಡಿಯಲ್ಲಿ ತಳ್ಳತೊಡಗಿದರು.

ಅಕ್ಕನಿಗೆ ಊಟ ರುಚಿಸಲಿಲ್ಲ. ಎಲ್ಲರೂ ಬೆಂಕಿಯಿಂದ ಆಚೆ ಓಡಿದರು, ಅವಳಿದ್ದ ಕಡೆಗೆ ಓಡಿ ಬಂದವರು ಅವರೊಬ್ಬರೇ. ಅವರನ್ನೇ ಅವಳು ತಿವಿದು ಕೆಡವಿದ್ದಳು.

ಕೊನೆಗೊಂದು ದಿನ ಕಿಂಡಿಯ ಮುಂದೆ ನಿಂತೇಬಿಟ್ಟಳು. "ನಿಮ್ಮ ಮೇಲೆ ಸಿಟ್ಟಿನಿಂದ ಮಾಡಿದ್ದಲ್ಲ. ಬೇರೆ ಬೆಂಕಿ ನೀರು ಕಂಡ್ರೆ ಸಾಯತ್ತೆ. ಇದು ನೀರನ್ನೇ ಒಡೆದು ಅದರಲ್ಲಿರೋ ಆಮ್ಲಜನಕ ಕಿತ್ಕೊಳ್ಳತ್ತೆ. ಉಳಿಯೋದು ಜಲಜನಕ, ಅದು ಢಮ್ ಅನ್ನತ್ತೆ. ನೀವು ಹುಯ್ದಿದ್ರೆ ಇವತ್ತು ನಾವಿಬ್ರೂ ಇಲ್ಲಿ ನಿಂತು ಮಾತಾಡ್ತಿರಲಿಲ್ಲ."

"ಗೋಡೆ ಮೇಲೆ ಬೆಂಕಿ ಆರಿಸೋ ಕೆಂಪು ಸಿಲಿಂಡರ್ ಇದೆಯಲ್ಲ, ಇಂಗಾಲದ ಡೈಆಕ್ಸೈಡ್‌ದು? ಅದನ್ನಾದ್ರೂ ತರಬಹುದಿತ್ತಲ್ವಾ?"

"ಅದನ್ನೂ ಬಿಡಲ್ಲ. ಆಮ್ಲಜನಕ ತಿಂದು ಇಂಗಾಲಾನ ಕಪ್ಪಗೆ ಉಗುಳತ್ತೆ."

ಸಾಹೇಬರು ಕನ್ನಡಕ ತೆಗೆದು ಒರೆಸಿದರು. "ನಂಗೆ ಅಷ್ಟೆಲ್ಲ ಗೊತ್ತಿರಲಿಲ್ಲ. ಚಿಕ್ಕವನಿದ್ದಾಗ ಒಲೆ ಹತ್ರ ಅಮ್ಮನ ಬಟ್ಟೆಗೆ ಬೆಂಕಿ ಹತ್ತಿತ್ತು. ಕೊಡಪಾನ ಎತ್ತಿ ಸುರಿದೆ. ಅಮ್ಮ ಉಳಿದ್ರು. ಆವತ್ತಿಂದ ಬೆಂಕಿ ಕಂಡ್ರೆ ಸಾಕು, ಕಾಲು ತಾನಾಗೇ ನೀರಿನ ಕಡೆ ಹೋಗತ್ತೆ. ಏನ್ಮಾಡ್ಲಿ ಹೇಳಿ?"

ಅಕ್ಕ "ಎದೆ ನೋವು ಹೋಯ್ತಾ?" ಎಂದು ಕೇಳಿದಳು.

"ಕೆಮ್ಮಿದ್ರೆ ಸ್ವಲ್ಪ ನೆನಪಾಗತ್ತೆ," ಎಂದು ಸಾಹೇಬರು ನಕ್ಕರು.

ಆಮೇಲೆ ಅವರು ಒಂದು ಹೊಸ ಕೆಲಸ ಹಚ್ಚಿಕೊಂಡರು. ಬಿಸಿಲು ಬಿದ್ದ ಕೂಡಲೇ ಅಕ್ಕನ ಡಬ್ಬದ ಕಬ್ಬಿಣದ ಪುಡಿಯನ್ನು ಅಂಗಳದ ತಗಡಿನ ಮೇಲೆ ಹರಡಿ, ಒಣಗಿಸಿ, ಜರಡಿ ಹಿಡಿದು, ಮುಚ್ಚಳ ಬಿಗಿದು ತಂದಿಡುವುದು. ಪುಡಿಗೆ ಪಸೆ ಹಿಡಿದರೆ ಅದರಲ್ಲೂ ನೀರು ಸೇರಿದಂತೆಯೇ ಅಲ್ಲವೇ? ಯಾರೂ ಹೇಳಿದ್ದಲ್ಲ, ಅವರೇ ಯೋಚಿಸಿದ್ದು. ಮಾತಿನಲ್ಲಿ ಸಾಹೇಬರು ಮಹಾ ಸಂಕೋಚದವರು. ಹೇಳಬೇಕಾದ್ದನ್ನೆಲ್ಲ ಆ ಪುಡಿಯಲ್ಲೇ ಹೇಳುತ್ತಿದ್ದರೇನೋ. ಅಕ್ಕನಿಗೆ ಅರ್ಥವಾಗಿತ್ತು. ಅರ್ಥವಾಗದವಳಂತೆ ಇದ್ದಳು, ಎಷ್ಟು ದಿನ ಇರಲು ಸಾಧ್ಯವೋ ಅಷ್ಟು ದಿನ.

ಸಾಹೇಬರು ಮದುವೆಯ ಮಾತೆತ್ತಿದ್ದನ್ನು ಅಕ್ಕ ಮನೆಯಲ್ಲಿ ಬಾಯಿಬಿಟ್ಟಾಗ ಅಮ್ಮ ಕೇಳಿದ್ದು ಒಂದೇ: "ನೀನು ಹೊಡೆದವರೇ ತಾನೆ?"

"ಹೊಡೀಲಿಲ್ಲಮ್ಮ, ತಿವಿದೆ."

"ತಿವಿಸಿಕೊಂಡ ಮೇಲೂ ಬರ್ತಾರೆ ಅಂದ್ರೆ ಇನ್ನೇನು ವಿಚಾರಿಸೋದಿದೆ? ಹೂಂ ಅಂದುಬಿಡು ಪುಣ್ಯಾತ್ಗಿತ್ತಿ."

ನೋಂದಣಿ ಕಚೇರಿಯಲ್ಲಿ ಸಹಿ ಹಾಕಿ ಮದುವೆಯಾಯಿತು. ಎರಡು ಮನೆ ಒಂದಾದವು, ಇಬ್ಬರು ಅಮ್ಮಂದಿರೂ ಒಂದೇ ಸೂರಿನಡಿ ಬಂದರು. ರೇಡಿಯೊದ ದನಿ ಎಷ್ಟಿರಬೇಕೆಂಬ ಜಗಳ ಬಿಟ್ಟರೆ ಅವರಿಬ್ಬರೂ ಹಾಲು ಸಕ್ಕರೆ. ಸಾಹೇಬರ ತಾಯಿಗೆ ಆ ಸುಟ್ಟ ಗಾಯದಿಂದ ಎಡಗೈ ಭುಜಕ್ಕಿಂತ ಮೇಲೆ ಏಳುತ್ತಿರಲಿಲ್ಲ. ಮದುವೆಯಾದ ಮರುದಿನ ಬೆಳಿಗ್ಗೆ ಅವರು ಹಾಸಿಗೆಯ ಮೇಲೆ ಕುಳಿತು ಒಂದೇ ಕೈಯಲ್ಲಿ ತಲೆ ಬಾಚಲು ಹೆಣಗುವುದನ್ನು ಅಕ್ಕ ಕಂಡಳು. ಏನೂ ಕೇಳದೆ ಹಿಂದೆ ಕುಳಿತು ಬಾಚಣಿಗೆ ತೆಗೆದುಕೊಂಡಳು.

"ಇಷ್ಟು ವರ್ಷ ಮಗನೇ ಬಾಚ್ತಿದ್ದ," ಎಂದರು ಅತ್ತೆ. "ಗಂಟು ಹಾಕೋಕೆ ಮಾತ್ರ ಬರಲ್ಲ ಅವನಿಗೆ, ಬಿಚ್ಚಿಹೋಗತ್ತೆ."

"ನಾನು ಹಾಕ್ತೀನಿ ಅತ್ತೆ, ಸ್ವಲ್ಪ ತಲೆ ಬಗ್ಗಿಸಿ," ಎಂದು ಅಕ್ಕ ಬಿಳಿ ಕೂದಲನ್ನು ಸುತ್ತಿ ಬಿಗಿಯಾಗಿ ಗಂಟು ಹಾಕಿದಳು.